ಕಲಿಸುವವರ ಓದು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರೈಲಿನಲ್ಲಿ ಒಬ್ಬ ಹುಡುಗನು ಕುಳಿತಿದ್ದಾನೆಂದು ಭಾವಿಸೋಣ. ರೈಲು ನೇರವಾದ ಹಳಿಯ ಮೇಲೆ ಗಂಟೆಗೆ 36 ಕಿಲೋಮೀಟರಿನ ಸಮವೇಗದಿಂದ ಸಾಗುತ್ತಿದೆ. ಹುಡುಗನು ಒಂದು ನಾಣ್ಯವನ್ನು ಸೆಕೆಂಡಿಗೆ 4.9 ಮೀಟರಿನ ವೇಗದಿಂದ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತಾನೆ. ಅದು ಅರ್ಧ ಸೆಕೆಂಡು ಏರಿ, ಅರ್ಧ ಸೆಕೆಂಡು ಇಳಿಯುತ್ತದೆ. ಅಷ್ಟರಲ್ಲಿ ರೈಲು 10 ಮೀಟರು ಮುಂದಕ್ಕೆ ಹೋಗಿರುತ್ತದೆ. ಆದರೂ ನಾಣ್ಯವು ಹುಡುಗನ ಅಂಗೈಗೇ ಬಂದು ಬೀಳುತ್ತದೆ. ಏಕೆಂದರೆ ರೈಲಿನ ವೇಗವು ಮೊದಲಿನಿಂದಲೂ ನಾಣ್ಯಕ್ಕೂ ಇತ್ತು. ಅದನ್ನು ಕಸಿದುಕೊಳ್ಳುವ ಬಲ ಯಾವುದೂ ಇರಲಿಲ್ಲ. ಇದು ಜಡತ್ವದ ನಿಯಮ. ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಇದನ್ನು ಬಲ್ಲರು.

ಈಗ ಒಂದು ಸಣ್ಣ ಪ್ರಶ್ನೆ. ನಾಣ್ಯವು ಕೈಯನ್ನು ಬಿಟ್ಟ ಮೇಲೆ, ಇನ್ನೂ ಮೇಲಕ್ಕೆ ಏರುತ್ತಿರುವಾಗ, ಅದರ ಮೇಲೆ ವರ್ತಿಸುತ್ತಿರುವ ಬಲಗಳು ಯಾವುವು? ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ. ವಾಚಕರು ಮುಂದಕ್ಕೆ ಓದುವ ಮೊದಲು ತಮ್ಮ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ನಾವು ಈ ಪ್ರಶ್ನೆಯನ್ನು ನಮ್ಮ ತರಗತಿಯಲ್ಲಿ ಮೊದಲ ಸಲ ಕೇಳಿದಾಗ, ನ್ಯೂಟನ್ನನ ಮೂರು ನಿಯಮಗಳ ಪಾಠ ಮುಗಿದು ಕೆಲವು ವಾರಗಳಾಗಿದ್ದುವು. ಪರೀಕ್ಷೆಯೂ ಆಗಿತ್ತು, ನಿಯಮಗಳನ್ನು ಒಂದಕ್ಷರವೂ ತಪ್ಪದೆ ಬರೆದವರು ಅನೇಕರಿದ್ದರು. ಆದರೂ ಬಹುಮಂದಿ ಕೊಟ್ಟ ಉತ್ತರ ಒಂದೇ: ‘ಕೈ ಕೊಟ್ಟ ಬಲವು ಮೇಲಕ್ಕೆ, ಭೂಮಿಯ ಬಲವು ಕೆಳಕ್ಕೆ, ಕೈಯ ಬಲವು ಕ್ರಮೇಣ ಮುಗಿದುಹೋದಾಗ ನಾಣ್ಯವು ಕೆಳಗಿಳಿಯುತ್ತದೆ.’ ಸರಿಯಾದ ಉತ್ತರವಾದರೋ ಬಹಳ ಸರಳವಾದುದು. ಕೈಯನ್ನು ಬಿಟ್ಟ ಕ್ಷಣದಿಂದ ನಾಣ್ಯದ ಮೇಲಿರುವುದು ಕೆಳಮುಖವಾದ ಗುರುತ್ವ ಬಲ ಒಂದೇ. ಏರುವಾಗಲೂ ಅದೇ, ತುದಿಯಲ್ಲಿಯೂ ಅದೇ, ಇಳಿಯುವಾಗಲೂ ಅದೇ. ಮೇಲ್ಮುಖವಾಗಿ ಇರುವುದು ವೇಗ, ಬಲವಲ್ಲ.

ಆ ದಿನ ನಮಗೆ ಮೊದಲು ಬಂದುದು ಕೋಪ, ಅನಂತರ ನಾಚಿಕೆ. ನಾವು ಚೆನ್ನಾಗಿ ಪಾಠಮಾಡುತ್ತೇವೆಂಬ ನಂಬಿಕೆ ನಮಗಿದ್ದಿತು. ವಿದ್ಯಾರ್ಥಿಗಳು ತಲೆಯಾಡಿಸಿದ್ದರು, ಬರೆದುಕೊಂಡಿದ್ದರು, ಅಂಕಗಳನ್ನು ಗಳಿಸಿದ್ದರು. ಹಾಗಾದರೆ ಕಲಿತುದು ಏನು? ಈ ಪ್ರಶ್ನೆಯ ಬೆನ್ನುಹತ್ತಿ ನಾವು ನಮ್ಮ ವಿಷಯವಲ್ಲದ ಪುಸ್ತಕಗಳನ್ನು ಓದತೊಡಗಿದೆವು. ಆ ಓದಿನಿಂದ ತಿಳಿದುದನ್ನು ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಮನೆಯಲ್ಲಿ ಒಬ್ಬನೇ ಓದಲು ಕುಳಿತ ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗೆ ತಾನೇ ಉಪಾಧ್ಯಾಯನಷ್ಟೆ. ಆದುದರಿಂದ ಉಪಾಧ್ಯಾಯರು ಓದಬೇಕಾದುದನ್ನು ವಿದ್ಯಾರ್ಥಿಗಳೂ ಸ್ವಲ್ಪಮಟ್ಟಿಗೆ ತಿಳಿದಿರುವುದು ಒಳ್ಳೆಯದು.

ಅದಿರು ಮತ್ತು ಕುಲುಮೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆಯು 1923ರಲ್ಲಿ ಆರಂಭವಾಯಿತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಬರುತ್ತಿತ್ತು. ಕಲ್ಲಿದ್ದಲು ಹತ್ತಿರದಲ್ಲಿ ಎಲ್ಲಿಯೂ ದೊರೆಯದಿದ್ದುದರಿಂದ ಮಲೆನಾಡಿನ ಮರದ ಇದ್ದಿಲನ್ನೇ ಅಂದು ಊದುಕುಲುಮೆಯಲ್ಲಿ ಬಳಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅದಿರನ್ನು ಮಾತ್ರ ಬಲ್ಲವನು ಕಬ್ಬಿಣವನ್ನು ತೆಗೆಯಲಾರನು. ಕುಲುಮೆಯೊಳಗೆ ಏನು ನಡೆಯುತ್ತದೆ, ಎಷ್ಟು ಅದಿರಿಗೆ ಎಷ್ಟು ಇದ್ದಿಲು ಮತ್ತು ಸುಣ್ಣಕಲ್ಲು ಬೇಕು, ಗಾಳಿಯನ್ನು ಹೇಗೆ ಊದಬೇಕು ಎಂಬುದೂ ಅವನಿಗೆ ತಿಳಿದಿರಬೇಕು.

ಕಾಲೇಜು ಅಧ್ಯಾಪಕರಾದ ನಮ್ಮ ಸ್ಥಿತಿಯು ಅದಿರನ್ನು ಮಾತ್ರ ಬಲ್ಲವನಂತೆ ಇದ್ದಿತು. ಸ್ನಾತಕೋತ್ತರ ಪದವಿಗಾಗಿ ನಾವು ಕ್ವಾಂಟಮ್ ಸಿದ್ಧಾಂತವನ್ನೂ ವಿದ್ಯುತ್ಕಾಂತತ್ವವನ್ನೂ ಓದಿದೆವು. ಹದಿನೇಳು ವರ್ಷದ ಮನಸ್ಸು ಒಂದು ಹೊಸ ವಿಚಾರವನ್ನು ಹೇಗೆ ಸ್ವೀಕರಿಸುತ್ತದೆ, ಹೇಗೆ ಮರೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಒಂದು ಪುಟವೂ ಓದಿರಲಿಲ್ಲ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ಸ್ವಾಧ್ಯಾಯವನ್ನೂ ಪ್ರವಚನವನ್ನೂ, ಎಂದರೆ ತಾನು ಓದುವುದನ್ನೂ ಇತರರಿಗೆ ಹೇಳುವುದನ್ನೂ, ಜೊತೆಜೊತೆಯಾಗಿಯೇ ಹೇಳುತ್ತದೆ. ನಾವು ಎರಡನೆಯದನ್ನು ಮಾತ್ರ ಹಿಡಿದುಕೊಂಡಿದ್ದೆವು.

ಒಬ್ಬ ಅಧ್ಯಾಪಕನು ಓದಿದ ಕಥೆ

ಓದತೊಡಗಿದ ಮೇಲೆ ನಮಗೆ ತಿಳಿದ ಮೊದಲನೆಯ ಸಂಗತಿಯೆಂದರೆ, ಈ ಅನುಭವವು ನಮ್ಮೊಬ್ಬರದೇ ಅಲ್ಲ ಎಂಬುದು. ಅಮೆರಿಕದ ಜಾನ್ ಕ್ಲೆಮೆಂಟ್ ಎಂಬ ಸಂಶೋಧಕನು ಇದೇ ನಾಣ್ಯದ ಪ್ರಶ್ನೆಯನ್ನು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೇಳಿ, 1982ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದನು. ಬಹುಪಾಲು ವಿದ್ಯಾರ್ಥಿಗಳು ತಪ್ಪು ಉತ್ತರ ಕೊಟ್ಟಿದ್ದರು. ಯಂತ್ರಶಾಸ್ತ್ರದ ಪಾಠ ಮುಗಿದ ಮೇಲೆ ಕೇಳಿದಾಗಲೂ ಹೆಚ್ಚು ಮಂದಿಯ ಉತ್ತರ ತಪ್ಪಾಗಿಯೇ ಇದ್ದಿತು. 1985ರಲ್ಲಿ ಹಲೂನ್ ಮತ್ತು ಹೆಸ್ಟೆನೆಸ್ ಎಂಬವರು ಇಂತಹ ಅನೇಕ ಪ್ರಶ್ನೆಗಳ ಒಂದು ಪರೀಕ್ಷೆಯನ್ನು ರಚಿಸಿ ಇದೇ ನಿರ್ಣಯಕ್ಕೆ ಬಂದರು.

ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1984ರಿಂದ ಭೌತವಿಜ್ಞಾನವನ್ನು ಬೋಧಿಸುತ್ತಿದ್ದ ಎರಿಕ್ ಮಜೂರ್ ಅವರು 1990ರಲ್ಲಿ ಈ ಲೇಖನಗಳನ್ನು ಓದಿದರು. ತಮ್ಮ ವಿದ್ಯಾರ್ಥಿಗಳಲ್ಲಿ ಹೀಗಾಗಲಾರದೆಂದು ಅವರಿಗೆ ತೋರಿತು. ಆದರೂ ಪರೀಕ್ಷೆಯನ್ನು ಕೊಟ್ಟು ನೋಡಿದರು. ಆಗ ವಿದ್ಯಾರ್ಥಿನಿಯೊಬ್ಬಳು, ತಾವು ಕಲಿಸಿದಂತೆ ಉತ್ತರಿಸಬೇಕೇ ಅಥವಾ ತಾನು ನಿಜವಾಗಿ ಯೋಚಿಸುವಂತೆ ಉತ್ತರಿಸಬೇಕೇ ಎಂದು ಕೇಳಿದಳಂತೆ. ಕಲಿಸಿದುದು ಒಂದು ಕಡೆ, ಯೋಚನೆ ಇನ್ನೊಂದು ಕಡೆ! ಆ ಬಳಿಕ ಮಜೂರ್ ಅವರು ಉಪನ್ಯಾಸದ ನಡುನಡುವೆ ಪ್ರಶ್ನೆಗಳನ್ನು ಕೇಳಿ, ಮೊದಲು ಪ್ರತಿಯೊಬ್ಬನೂ ಉತ್ತರವನ್ನು ಆರಿಸಿಕೊಂಡು, ಆಮೇಲೆ ಪಕ್ಕದವನೊಡನೆ ವಾದಿಸಿ, ಮತ್ತೆ ಉತ್ತರಿಸುವ ಕ್ರಮವನ್ನು ರೂಪಿಸಿದರು. ಈ ಕ್ರಮವನ್ನು ಕುರಿತ ಅವರ ಪುಸ್ತಕವು 1997ರಲ್ಲಿ ಹೊರಬಂದಿತು. ಇದೆಲ್ಲಕ್ಕೂ ಮೂಲ, ಯಾರೂ ಆಜ್ಞಾಪಿಸದೆ ತಾನಾಗಿ ಓದಿದ ಒಬ್ಬ ಅಧ್ಯಾಪಕನ ಓದು. ಓದಿದುದನ್ನು ತಮ್ಮ ತರಗತಿಯಲ್ಲಿಯೇ ಪರೀಕ್ಷಿಸಿ ನೋಡುವ ಧೈರ್ಯವೂ ಅವರಿಗಿದ್ದಿತು.

ನಾಣ್ಯದಲ್ಲಿ ಕೈಯ ಬಲವು ಉಳಿದಿರುತ್ತದೆಂದು ಹೇಳುವವನು ಮಂದಬುದ್ಧಿಯವನೇನೂ ಅಲ್ಲ. 14ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಪಂಡಿತ ಬುರಿಡಾನ್ ಹೆಚ್ಚುಕಡಮೆ ಇದನ್ನೇ ಹೇಳಿದ್ದನು. ಎತ್ತಿನ ಗಾಡಿಯನ್ನು ಎಳೆಯದಿದ್ದರೆ ಅದು ನಿಲ್ಲುತ್ತದೆ, ಸೈಕಲ್ಲನ್ನು ತುಳಿಯದಿದ್ದರೆ ಅದೂ ನಿಲ್ಲುತ್ತದೆ. ನಿತ್ಯಜೀವನವು ಹೀಗೆ ಹದಿನೇಳು ವರ್ಷ ಕಲಿಸಿದ ಪಾಠವು ನಮ್ಮ ಒಂದು ಗಂಟೆಯ ಉಪನ್ಯಾಸದಿಂದ ಅಳಿಸಿಹೋಗುವುದಿಲ್ಲ. ಹಳೆಯ ವಿಚಾರವನ್ನು ಹೊರಕ್ಕೆ ತಂದು, ಅದರೊಡನೆ ಹೊಸದನ್ನು ಎದುರುಬದುರಾಗಿ ನಿಲ್ಲಿಸಬೇಕಾಗುತ್ತದೆ.

ಮರೆವಿನ ಲೆಕ್ಕ

ಮರೆವನ್ನು ಮೊದಲು ಅಳೆದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಈತನು ಅರ್ಥವಿಲ್ಲದ ಸುಮಾರು 2,300 ಉಚ್ಚಾರಾಂಶಗಳನ್ನು ರಚಿಸಿಕೊಂಡು, ಅವುಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಸ್ವಲ್ಪ ಕಾಲದ ಮೇಲೆ ಅದೇ ಪಟ್ಟಿಯನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿತಾಯವಾಗುತ್ತದೆಂದು ಲೆಕ್ಕಹಾಕಿದನು. 1885ರಲ್ಲಿ ಪ್ರಕಟವಾದ ಅವನ ಗ್ರಂಥದಂತೆ ಈ ಉಳಿತಾಯವು 20 ನಿಮಿಷಗಳ ಮೇಲೆ ಶೇಕಡ 58, ಒಂದು ಗಂಟೆಯ ಮೇಲೆ 44, ಒಂದು ದಿನದ ಮೇಲೆ 34, ಆರು ದಿನಗಳ ಮೇಲೆ 25, ಒಂದು ತಿಂಗಳ ಮೇಲೆ 21. ಮೊದಲ ಗಂಟೆಯ ನಷ್ಟವೇ ಅತ್ಯಂತ ಹೆಚ್ಚಿನದು. ಆಮೇಲೆ ಮರೆವು ನಿಧಾನವಾಗುತ್ತದೆ. ಅರ್ಥವಿರುವ ಪಾಠವು ಇಷ್ಟು ಬೇಗ ಮರೆತುಹೋಗುವುದಿಲ್ಲವೆಂಬುದು ನಿಜ. ಆದರೆ ಮೊದಲು ಬೇಗ, ಆಮೇಲೆ ನಿಧಾನ ಎಂಬ ಕ್ರಮವು ಅಲ್ಲಿಯೂ ಕಾಣುತ್ತದೆ.

ಹಾಗಾದರೆ ಉಪಾಯವೇನು? ಮತ್ತೆ ಮತ್ತೆ ಓದುವುದೆಂದು ಎಲ್ಲರೂ ಹೇಳುತ್ತಾರೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಬೇರೊಂದು ಉತ್ತರ ಕೊಡುತ್ತದೆ. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಒಮ್ಮೆ ಓದಿದರು. ಅನಂತರ ಅದನ್ನು ಮತ್ತೊಮ್ಮೆ ಓದುವುದು ಒಂದು ಕ್ರಮ. ಪುಸ್ತಕವಿಲ್ಲದೆ ನೆನಪಿನಿಂದ ಬರೆಯುವುದು ಇನ್ನೊಂದು ಕ್ರಮ. ಐದು ನಿಮಿಷಗಳ ಮೇಲೆ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು: ಶೇಕಡ 81ಕ್ಕೆ ಪ್ರತಿಯಾಗಿ 75. ಎರಡು ದಿನಗಳ ಮೇಲೆ ಚಿತ್ರವು ತಲೆಕೆಳಗಾಯಿತು: ಮತ್ತೆ ಓದಿದವರು 54, ನೆನಪಿನಿಂದ ಬರೆದವರು 68. ಒಂದು ವಾರದ ಮೇಲೆ ಕ್ರಮವಾಗಿ 42 ಮತ್ತು 56.

ಈ ಅಂಕಿಗಳಲ್ಲಿ ಒಂದು ಎಚ್ಚರಿಕೆ ಅಡಗಿದೆ. ಎರಡನೆಯ ಸಲ ಓದುವಾಗ ಪಾಠವು ಸುಲಭವಾಗಿ ಹರಿಯುತ್ತದೆ. ‘ಇದು ನನಗೆ ಬಂದಿದೆ’ ಎಂಬ ಭಾವನೆ ಹುಟ್ಟುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯ ಓದು ಮರುದಿನಕ್ಕೆ ಸಾಕಾಗುವುದೂ, ಮುಂದಿನ ತರಗತಿಗೆ ಏನೂ ಉಳಿಯದಿರುವುದೂ ಇದರಿಂದಲೇ. ನೆನಪಿನಿಂದ ಬರೆಯುವುದು ಕಷ್ಟ, ಬೇಸರದ ಕೆಲಸ. ಆದರೆ ಉಳಿಯುವುದು ಅದೇ. ಕಲಿತಂತೆ ತೋರುವುದು ಬೇರೆ, ಕಲಿಯುವುದು ಬೇರೆ. ನಮ್ಮ ಓದಿನಲ್ಲಿ ನಮಗೆ ಅತ್ಯಂತ ಮುಖ್ಯವೆಂದು ಕಂಡ ಮಾತು ಇದು.

ಶಿವಮೊಗ್ಗದ ಸಮೀಪದಲ್ಲಿ ತುಂಗೆಯ ದಡದ ಮೇಲಿರುವ ಮತ್ತೂರಿನಲ್ಲಿ ವೇದಪಾಠದ ಸಂಪ್ರದಾಯವಿದೆ. ಆ ಪಾಠದಲ್ಲಿ ಪದಗಳನ್ನು ಒಂದೇ ಕ್ರಮದಲ್ಲಿ ಹೇಳಿ ಮುಗಿಸುವುದಿಲ್ಲ. ಕ್ರಮಪಾಠದಲ್ಲಿ ಒಂದು-ಎರಡು, ಎರಡು-ಮೂರು ಎಂದೂ, ಜಟಾಪಾಠದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದೂ ಪದಗಳನ್ನು ಹೆಣೆಯುತ್ತಾರೆ. ಗ್ರಂಥವನ್ನು ನೋಡದೆ ಹೀಗೆ ಹೇಳುವಾಗ ನೆನಪನ್ನು ಪ್ರತಿ ಹೆಜ್ಜೆಯಲ್ಲಿಯೂ ಕರೆದು ತರಬೇಕಾಗುತ್ತದೆ. ಮನಶ್ಶಾಸ್ತ್ರಜ್ಞರು ಅಳೆದುದನ್ನು ನಮ್ಮ ಹಿಂದಿನವರು ಅನುಭವದಿಂದ ಕಂಡಿದ್ದರೆಂದು ತೋರುತ್ತದೆ. ಆದರೆ ಪಾಠವನ್ನು ಅಕ್ಷರಶಃ ಉಳಿಸುವುದು ಒಂದು ಗುರಿ, ಅರ್ಥವನ್ನು ಗ್ರಹಿಸುವುದು ಇನ್ನೊಂದು. ಭೌತವಿಜ್ಞಾನಕ್ಕೆ ಮೊದಲನೆಯದು ಸಾಲದು. ನಾಣ್ಯದ ಪ್ರಶ್ನೆಯೇ ಅದಕ್ಕೆ ಸಾಕ್ಷಿ.

ಮನಸ್ಸಿನ ಕಿರಿದಾದ ಹಲಗೆ

ನಾವು ಓದಿದ ಇನ್ನೊಂದು ವಿಷಯವು ನಮ್ಮ ವಿದ್ಯಾರ್ಥಿಗಳನ್ನು ನೋಡುವ ದೃಷ್ಟಿಯನ್ನೇ ಬದಲಾಯಿಸಿತು. ಏಕಕಾಲದಲ್ಲಿ ಮನಸ್ಸು ಎಷ್ಟು ಸಂಗತಿಗಳನ್ನು ಹಿಡಿದುಕೊಂಡಿರಬಲ್ಲುದು? ಜಾರ್ಜ್ ಮಿಲ್ಲರ್ 1956ರಲ್ಲಿ ಸುಮಾರು ಏಳು ಎಂದನು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದನು. ಎಷ್ಟಾದರೂ ಈ ಹಲಗೆ ಕಿರಿದು. ಅದನ್ನು ಅಗಲ ಮಾಡುವುದು ಬಹು ಕಷ್ಟ. ಆದರೆ ಅದರ ಮೇಲಿಡುವ ವಸ್ತುಗಳನ್ನು ಕಟ್ಟುಕಟ್ಟಿ ಇಡಬಹುದು. 194719501956 ಎಂಬ ಹನ್ನೆರಡು ಅಂಕಿಗಳನ್ನು ಬಿಡಿಬಿಡಿಯಾಗಿ ಕೇಳಿ ಒಪ್ಪಿಸುವುದು ಕಷ್ಟ. ಆದರೆ ಸ್ವಾತಂತ್ರ್ಯ, ಗಣರಾಜ್ಯ, ಕನ್ನಡನಾಡಿನ ಏಕೀಕರಣ ಎಂಬ ಮೂರು ವರ್ಷಗಳಾಗಿ ಕಂಡೊಡನೆ ಅದು ಮೂರೇ ಕಟ್ಟಾಗುತ್ತದೆ. ಕಟ್ಟುವ ಹಗ್ಗವೆಂದರೆ ಮೊದಲೇ ಇರುವ ತಿಳಿವಳಿಕೆ.

ಮತ್ತೂರಿನ ಎದುರು ದಡದ ಹೊಸಹಳ್ಳಿಯು ಗಮಕಕ್ಕೆ ಹೆಸರಾದುದು. ಭಾಮಿನೀ ಷಟ್ಪದಿಯ ಒಂದು ಪದ್ಯದಲ್ಲಿ 102 ಮಾತ್ರೆಗಳಿರುತ್ತವೆ. ಅವು ಮೂರು-ನಾಲ್ಕು ಮಾತ್ರೆಗಳ ಗಣಗಳಾಗಿ, ಆರು ಪಾದಗಳಾಗಿ, ದ್ವಿತೀಯಾಕ್ಷರ ಪ್ರಾಸದಿಂದ ಬಂಧಿತವಾಗಿರುವುದರಿಂದಲೇ ನೂರಾರು ಪದ್ಯಗಳನ್ನು ನೆನಪಿನಲ್ಲಿಡುವುದು ಸಾಧ್ಯವಾಗುತ್ತದೆ. ಬಿಡಿ ಮಾತ್ರೆಗಳ ರಾಶಿಯನ್ನು ಯಾರೂ ನೆನಪಿಡಲಾರರು.

ಈಗ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪದವಿಪೂರ್ವ ವಿಜ್ಞಾನಕ್ಕೆ ಸೇರಿದ ಒಬ್ಬ ವಿದ್ಯಾರ್ಥಿನಿಯನ್ನು ನೆನೆಯೋಣ. ಪಾಠವೂ ಪುಸ್ತಕವೂ ಇಂಗ್ಲಿಷಿನಲ್ಲಿವೆ. ವೇಗೋತ್ಕರ್ಷವೆಂದು ಅವಳು ಬಲ್ಲ ಪರಿಕಲ್ಪನೆಯು ಬೇರೊಂದು ಹೆಸರನ್ನು ಧರಿಸಿ ಬರುತ್ತದೆ. ಕಿರಿದಾದ ಹಲಗೆಯ ಅರ್ಧವನ್ನು ವಾಕ್ಯವನ್ನು ಅರ್ಥಮಾಡಿಕೊಳ್ಳುವ ಕೆಲಸವೇ ತುಂಬಿಬಿಡುತ್ತದೆ. ಭೌತವಿಜ್ಞಾನಕ್ಕೆ ಉಳಿಯುವ ಸ್ಥಳ ಅತ್ಯಲ್ಪ. ಪಕ್ಕದ ಬೆಂಚಿನವನು ಬೇಗನೆ ಉತ್ತರ ಹೇಳುವುದನ್ನು ನೋಡಿ ಅವಳು ತಾನು ದಡ್ಡಳೆಂದು ತೀರ್ಮಾನಿಸುತ್ತಾಳೆ. ಹೀಗೆ ತೀರ್ಮಾನಿಸಿ ವಿಜ್ಞಾನವನ್ನೇ ಬಿಟ್ಟುಹೋದವರನ್ನು ನಾವು ಕಂಡಿದ್ದೇವೆ. ಅವರ ಮೌನವನ್ನು ನಾವೂ ಅಂದು ದಡ್ಡತನವೆಂದೇ ತಿಳಿದಿದ್ದೆವು. ಈ ಪುಸ್ತಕಗಳನ್ನು ಹತ್ತು ವರ್ಷ ಮೊದಲೇ ಓದಿದ್ದರೆ ಅವರಲ್ಲಿ ಕೆಲವರಾದರೂ ಉಳಿಯುತ್ತಿದ್ದರೋ ಏನೋ ಎಂಬ ವ್ಯಥೆ ನಮಗಿದೆ.

ಓದಿದ ಮೇಲೆ ಮಾಡಿದುದು

ಇಷ್ಟನ್ನು ಓದಿದ ಮೇಲೆ ನಾವು ತರಗತಿಯಲ್ಲಿ ಮೂರು ಸಣ್ಣ ಬದಲಾವಣೆಗಳನ್ನು ಮಾಡಿದೆವು. ಪ್ರತಿ ಪಾಠದ ಮೊದಲ ಐದು ನಿಮಿಷ, ಹಿಂದಿನ ಪಾಠವನ್ನು ಎಲ್ಲರೂ ಖಾಲಿ ಹಾಳೆಯ ಮೇಲೆ ನೆನಪಿನಿಂದ ಬರೆಯುವುದು, ಇದಕ್ಕೆ ಅಂಕಗಳಿಲ್ಲ. ಎರಡನೆಯದಾಗಿ, ಪ್ರಯೋಗವನ್ನು ತೋರಿಸುವ ಮೊದಲು ಏನಾಗುವುದೆಂದು ಪ್ರತಿಯೊಬ್ಬರೂ ಊಹಿಸಿ ಬರೆಯುವುದು. ಮೂರನೆಯದಾಗಿ, ಹೊಸ ಪರಿಕಲ್ಪನೆಯನ್ನು ಮೊದಲು ಕನ್ನಡದಲ್ಲಿ ಚರ್ಚಿಸಿ, ಇಂಗ್ಲಿಷ್ ಪರಿಭಾಷೆಯನ್ನು ಆಮೇಲೆ ಕೊಡುವುದು.

ಪವಾಡವೇನೂ ನಡೆಯಲಿಲ್ಲ. ಖಾಲಿ ಹಾಳೆಯನ್ನು ಕಂಡು ಹಲವರು ಗೊಣಗಿದರು. ಪಠ್ಯಭಾಗ ಹಿಂದೆ ಬೀಳುವುದೆಂಬ ಭಯ ನಮಗೂ ಇದ್ದಿತು. ಆದರೆ ಆ ವರ್ಷ ನಾಣ್ಯದ ಪ್ರಶ್ನೆಯನ್ನು ಕನ್ನಡದಲ್ಲಿ ವಾದಿಸುತ್ತಿದ್ದಾಗ, ಅದುವರೆಗೆ ಒಂದು ಮಾತನ್ನೂ ಆಡದಿದ್ದ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, ‘ಸಾರ್, ನಾಣ್ಯ ಮೇಲೆ ಹೋಗ್ತಿರುವಾಗ ಕೈ ಅದನ್ನ ಮುಟ್ಟಿಯೇ ಇಲ್ಲವಲ್ಲ, ಮತ್ತೆ ತಳ್ಳೋದು ಯಾರು?’ ಎಂದು ಕೇಳಿದಳು. ತರಗತಿಯು ಒಂದು ಕ್ಷಣ ಸುಮ್ಮನಾಯಿತು. ನಮ್ಮ ಹಲವು ವರ್ಷಗಳ ಉಪನ್ಯಾಸವು ಮಾಡಲಾರದುದನ್ನು ಆ ಒಂದು ಪ್ರಶ್ನೆ ಮಾಡಿತು.

ಓದುವಾಗ ಎಚ್ಚರ

ಕಲಿಕೆಯನ್ನು ಕುರಿತು ಬರೆದುದೆಲ್ಲವೂ ಸತ್ಯವೆಂದು ತಿಳಿಯಬಾರದು. ಕೆಲವರು ಕಣ್ಣಿನಿಂದ ಕಲಿಯುವವರು, ಕೆಲವರು ಕಿವಿಯಿಂದ ಕಲಿಯುವವರು, ಅವರವರ ಶೈಲಿಗೆ ತಕ್ಕಂತೆ ಕಲಿಸಬೇಕು ಎಂಬ ಮಾತು ಬಹಳ ಪ್ರಚಾರದಲ್ಲಿದೆ. ನಾವೂ ಅದನ್ನು ನಂಬಿ ಇತರರಿಗೆ ಹೇಳಿದ್ದೆವು. ಹೆರಾಲ್ಡ್ ಪಾಶ್ಲರ್ ಮತ್ತು ಅವರ ಸಂಗಡಿಗರು 2008ರಲ್ಲಿ ಈ ವಾದವನ್ನು ಪರಿಶೀಲಿಸಿ, ಅದಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು ತೋರಿಸಿದರು. ಆದುದರಿಂದ ಇಂತಹ ಪುಸ್ತಕವನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಏನನ್ನು ಅಳೆದರು? ಯಾವುದರೊಡನೆ ಹೋಲಿಸಿದರು? ಎಷ್ಟು ಕಾಲದ ಮೇಲೆ ನೋಡಿದರು? ಪ್ರಯೋಗಶಾಲೆಯಲ್ಲಿ ನಾವು ಕೇಳುವ ಪ್ರಶ್ನೆಗಳೇ ಇವು.

ತನ್ನ ವಿಷಯದ ಗಡಿಯನ್ನು ದಾಟಿ ಓದುವುದು ನಮ್ಮ ನಾಡಿನ ಅಧ್ಯಾಪಕರಿಗೆ ಹೊಸದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ 1918 ಮತ್ತು 1919ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು, ಪಂಪಭಾರತವನ್ನೂ ಸಂಪಾದಿಸಿದರು. ಅವರ ಓದಿಗೆ ಬೇಲಿಯಿರಲಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಕೊನೆಯದಾಗಿ, ನಮ್ಮ ಮಾತನ್ನು ಯಾರೂ ಹಾಗೆಯೇ ನಂಬಬೇಕಾಗಿಲ್ಲ. ನಿಮ್ಮ ಪಠ್ಯಪುಸ್ತಕದಿಂದ ಸಮಾನವಾದ ಉದ್ದವೂ ಕಷ್ಟವೂ ಉಳ್ಳ, ಇನ್ನೂ ಓದದಿರುವ ಎರಡು ಭಾಗಗಳನ್ನು ಆರಿಸಿಕೊಳ್ಳಿ. ಒಂದಕ್ಕೆ ಅರ್ಧ ಗಂಟೆ ಕೊಟ್ಟು ಮತ್ತೆ ಮತ್ತೆ ಓದಿ. ಇನ್ನೊಂದಕ್ಕೂ ಅಷ್ಟೇ ಕಾಲ ಕೊಡಿ. ಆದರೆ ಹತ್ತು ನಿಮಿಷ ಓದಿ, ಪುಸ್ತಕವನ್ನು ಮುಚ್ಚಿ, ಉಳಿದ ಕಾಲದಲ್ಲಿ ನೆನಪಿನಿಂದ ಬರೆಯಿರಿ. ಯಾವ ಭಾಗಕ್ಕೆ ಯಾವ ಕ್ರಮವೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ. ಯಾವುದು ಹೆಚ್ಚು ನೆನಪಿರುವುದೆಂಬ ನಿಮ್ಮ ಊಹೆಯನ್ನೂ ಅಂದೇ ಬರೆದಿಡಿ. ಒಂದು ವಾರ ಎರಡನ್ನೂ ಮುಟ್ಟಬೇಡಿ. ಆಮೇಲೆ ಎರಡು ಖಾಲಿ ಹಾಳೆಗಳ ಮೇಲೆ ಎರಡನ್ನೂ ಬರೆದು, ಪುಸ್ತಕದೊಡನೆ ಹೋಲಿಸಿ, ಸರಿಯಾದ ಅಂಶಗಳನ್ನು ಎಣಿಸಿ. ಒಂದು ಸಲದ ಫಲಿತಾಂಶವು ಆಕಸ್ಮಿಕವಾಗಿರಬಹುದು. ಆದುದರಿಂದ ಬೇರೆ ಬೇರೆ ಪಾಠಗಳೊಡನೆ ನಾಲ್ಕಾರು ಸಲ ಮಾಡಿ ನೋಡಿ.

ಅದಕ್ಕೂ ಮೊದಲು ಈ ಲೇಖನದ ಆರಂಭದಲ್ಲಿ ನೀವು ಬರೆದಿಟ್ಟ ಚೀಟಿಯನ್ನು ತೆಗೆದು ನೋಡಿ. ಉತ್ತರ ತಪ್ಪಾಗಿದ್ದರೆ ನಾಚಬೇಕಾಗಿಲ್ಲ. ಅದನ್ನು ಪುಸ್ತಕದಲ್ಲಿಯೇ ಇಟ್ಟುಕೊಂಡು, ಮುಂದಿನ ತಿಂಗಳು ಇದೇ ಪ್ರಶ್ನೆಯನ್ನು ನಿಮಗೆ ನೀವೇ ಮತ್ತೊಮ್ಮೆ ಕೇಳಿಕೊಳ್ಳಿ.